ಅಡ್ಮಿನ್ ಹಾಕಿಟ್ಟು ಹೋದ ಬೀಗ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಕುಮಟೆಯಿಂದ ಸುಮಾ ಫೋನ್ ಮಾಡಿ ನನಗೆ ಸರಿಯಾಗಿ ಬೈದಳು. ನಾಲ್ಕು ದಿನದ ಹಿಂದೆ ಎದೆನೋವೆಂದು ಕೂತಲ್ಲೇ ಹೋಗಿಬಿಟ್ಟ ಮಂಜುನಾಥನ ಹೆಂಡತಿ. ಹೊನ್ನಾವರದ ನಮ್ಮ ಆಫೀಸಿನಲ್ಲಿ ಅವನೂ ನಾನೂ ಹತ್ತೊಂಬತ್ತು ವರ್ಷ ಎದುರುಬದುರು ಕೂತವರು.

"ಇವ್ರ ಫೋನ್ ನೋಡ್ದೆ ಅಣ್ಣಾ. ಆಫೀಸಿನ ವಾಟ್ಸಾಪ್ ಗುಂಪಲ್ಲಿ ಒಬ್ರೂ ಒಂದ್ ಶಬ್ದ ಬರೀಲಿಲ್ಲ. ಇವ್ರು ನಿಮ್ಗೆಲ್ಲ ಎಂತ ಮಾಡಿದ್ರು?"

"ಗುಂಪಿಗೆ ಬೀಗ ಹಾಕಿಟ್ಟು ಹೋದ, ತಂಗೀ! ಅಡ್ಮಿನ್ ಅವ್ನೊಬ್ನೇ. ನನ್ನ ಪ್ರಾಸದ ತ್ರಾಸ ತಡೀಲಾರ್ದೆ, ತನ್ನ ಬಿಟ್ರೆ ಯಾರೂ ಬರಿಯೂಕಾಗ್ದ ಹಾಗೆ ಮಾಡಿದ್ದ. ಹದಿನಾಲ್ಕು ಜನ ಬಾಯಿ ಕಟ್ಕಂಡ್ ಕೂತಿದ್ದೇವೆ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಎಲ್ಲಿ ಒತ್ತೂದು ಹೇಳಿ," ಎಂದಳು. ಹೇಳಿದೆ. ಗುಂಪು ತೆರೆಯಿತು.

ಎರಡೇ ನಿಮಿಷದಲ್ಲಿ ಹದಿಮೂರು ಜನ ಅದೇ ದೀಪದ ಚಿತ್ರ, ಅದೇ 'ಓಂ ಶಾಂತಿ' ಹಾಕಿದರು. ಆಫೀಸಿನ ಪ್ರತಿ ಬೀಳ್ಕೊಡುಗೆಗೂ ಪದ್ಯ ಕಟ್ಟುವ ನಾನು ಅರ್ಧ ಗಂಟೆ ತಡಕಾಡಿ, ಕೊನೆಗೆ ಕೈಮುಗಿದ ಗುರುತೊಂದನ್ನು ಒತ್ತಿದೆ.

ಸುಮಾ ಎಲ್ಲವನ್ನೂ ನೋಡಿದಳು. ನಾಲ್ಕು ದಿನ ನಮ್ಮ ಮರ್ಯಾದೆ ಉಳಿಸಿದ್ದು ಆ ಬೀಗವೇ.