ತಾತ ಬೇಡವೆಂದ ಬೆಳಗ್ಗೆ

ಮೊನ್ನೆ ಮದುವೆ ಊಟಕ್ಕೆ ಕೂತಿದ್ದಾಗ ಪಕ್ಕದ ಹುಡುಗಿ ಕತ್ತಿಗೆ ಸೆಂಟು ಹಾಕಿಕೊಂಡಳು. ಮಲ್ಲಿಗೆ ಘಮದ ಸೆಂಟು. ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಊದಿಕೊಂಡ ಒಂದು ಮುಖ ಕಣ್ಣೆದುರು ಬಂತು...

ಮಾಗಡಿ ಕಡೆಯ ಹಳ್ಳಿಯೊಂದರಲ್ಲಿ ನಾನೂ ನನ್ನ ಗಂಡನೂ ಕೆಲವು ವರ್ಷ ಕಾಟೇಜ್ ನಡೆಸುತ್ತಿದ್ದೆವು. ವಾರದ ಕೊನೆಗೆ ಬೆಂಗಳೂರಿನವರು ಬರುತ್ತಿದ್ದರು. ಹತ್ತಿರದಲ್ಲಿ ನೋಡಲು ಏನೇನಿದೆ ಎಂದು ಬರೆದು ಗೋಡೆಗೆ ಅಂಟಿಸಿದ್ದೆ: ಕೆರೆ ಏರಿ, ತಟ್ಟೆ ಇಡ್ಲಿ ಹೋಟೆಲು, ಚನ್ನಪಟ್ಟಣದ ಬೊಂಬೆ ಅಂಗಡಿಗಳು. ಆದರೆ ಬಂದವರೆಲ್ಲ ಕೇಳುತ್ತಿದ್ದದ್ದು ಹಿತ್ತಲಾಚೆಯ ಬಂಡೆಬೆಟ್ಟವನ್ನೇ. ಅದನ್ನು ಹತ್ತಿಸುತ್ತಿದ್ದವರು ಪಕ್ಕದ ಹೊಲದ ತಾತ. ಹೆಗಲ ಮೇಲೆ ಕಂಬಳಿ, ಬರಿಗಾಲು. ಕರಡಿ ಕೆದಕಿದ ಹುತ್ತ ತೋರಿಸುತ್ತ, ಏದುಸಿರು ಬಿಡುವವರಿಗಾಗಿ ನಿಂತು ನಿಂತು ನಡೆಯುತ್ತಿದ್ದರು.

ಒಂದು ಭಾನುವಾರ ಬೆಳಗ್ಗೆ ಅವರು ಅಡುಗೆಮನೆ ಬಾಗಿಲಿಗೇ ಬಂದರು.

"ಇವತ್ತು ಬ್ಯಾಡ ಕಣವ್ವ. ಬಂಡೆಗೆ ಹೆಜ್ಜೇನು ಕಟ್ಟೈತೆ. ಸೆಂಟು ಗಿಂಟು ಹಾಕ್ಕೊಂಡು ಹೋದ್ರೆ ಎದ್ಬುಡ್ತವೆ. ಬಂದಿರೋರ್ಗೆ ಒಸಿ ಹೇಳ್ಬುಡು."

ಆಯಿತು ಎಂದೆ. ಆದರೆ ಹೇಳಲಿಲ್ಲ. ಅಂದು ಬಂದಿದ್ದ ಗಂಡ ಹೆಂಡತಿ ಬೆಟ್ಟಕ್ಕೆಂದೇ ಬಂದವರು. ಬೇಡವೆಂದರೆ ಮುಖ ಸಿಂಡರಿಸುತ್ತಾರೆ ಎನಿಸಿತು. ಮುದುಕರಿಗೆ ಎಲ್ಲಕ್ಕೂ ಹೆದರಿಕೆ ಎಂದುಕೊಂಡೆ. ತಿಂಡಿ ಮುಗಿಸಿ ಹೊರಟವರಿಗೆ ನಾನೇ ದಾರಿ ತೋರಿಸಿದೆ. ಹೆಂಡತಿ ನನ್ನನ್ನು ದಾಟಿ ಹೋದಾಗ ಮಲ್ಲಿಗೆ ಘಮ ಬಂತು. ಆಗಲೂ ಕೂಗಿ ನಿಲ್ಲಿಸಲಿಲ್ಲ.

ಚೀರಾಟ ನನಗೆ ಕೇಳುವಷ್ಟರಲ್ಲಿ ತಾತ ಹೊಲದಿಂದ ಬೆಟ್ಟಕ್ಕೆ ಓಡಿಯಾಗಿತ್ತು. ಆಕೆಗೆ ಕಂಬಳಿ ಹೊದಿಸಿ, ತಾವು ಬರಿಮೈಯಲ್ಲಿ ಆಕೆಯನ್ನು ಕೆಳಗಿಳಿಸಿಕೊಂಡು ಬಂದರು. ಆಕೆಯ ಗಂಡನಿಗೆ ನಾಲ್ಕಾರು ಕಡೆ ಕಚ್ಚಿತ್ತು. ತಾತನ ಮುಖ, ಬೆನ್ನಿನಲ್ಲಿ ಮಾತ್ರ ಕಚ್ಚದ ಜಾಗವೇ ಇರಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಆಕೆಯ ಗಂಡ ನನ್ನ ಮೇಲೆ ರೇಗಿದರು. "ಜೇನು ಇದೆ ಅಂತ ಯಾಕ್ರೀ ಒಬ್ರೂ ಹೇಳ್ಲಿಲ್ಲ?"

ನನ್ನ ಬಾಯಿಂದ ಬಂದ ಮಾತು ಇದು: "ಬೆಟ್ಟದ ವಿಷಯ ಎಲ್ಲಾ ತಾತನೇ ನೋಡ್ಕೊಳ್ಳೋದು. ಅವರು ಹೇಳಬೇಕಿತ್ತು."

ತಾತ ಎದುರಿನ ಬೆಂಚಿನ ಮೇಲೆಯೇ ಇದ್ದರು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಇನ್ನೊಂದರಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆತನ ಕಡೆ ತಿರುಗಿ ಕೈ ಮುಗಿದರು.

"ತಪ್ಪಾಯ್ತು ಸ್ವಾಮಿ."

ನಾನು ನೆಲ ನೋಡುತ್ತ ನಿಂತಿದ್ದೆ.

ವಾರ ಕಳೆದು ತಾತನ ಮನೆಗೆ ಹೋದೆ, ತಪ್ಪು ನನ್ನದೆಂದು ಹೇಳಿಯೇ ಬಿಡಬೇಕೆಂದು. "ಕೂತ್ಕವ್ವ" ಎಂದು ಮಜ್ಜಿಗೆ ಕೊಡಿಸಿದರು. ರಾಗಿ, ಮಳೆ ಎಂದು ಏನೇನೋ ಮಾತಾಡಿದರು. ನಾನು ಮಜ್ಜಿಗೆ ಕುಡಿದು ಎದ್ದು ಬಂದೆ... ಆಮೇಲೆ ಅವರು ಯಾರನ್ನೂ ಬೆಟ್ಟಕ್ಕೆ ಕರೆದೊಯ್ಯಲಿಲ್ಲ. ಒಂದೆರಡು ವರ್ಷದಲ್ಲಿ ನಾವು ಕಾಟೇಜ್ ಮಾರಿ ಬಂದೆವು.

ಮದುವೆಯ ಮರುದಿನ ತಡೆಯಲಾರದೆ ಆ ಊರಿಗೆ ಹೋದೆ. ತಾತ ತೀರಿಹೋಗಿ ಆರು ತಿಂಗಳಾಗಿತ್ತು. ಅವರ ಸೊಸೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು.

"ನಮ್ಮಾವ ಕೊನೇಗಂಟ ಅದನ್ನೇ ಅನ್ನೋರು ಕಣಕ್ಕ," ಎಂದಳು. "'ಆವತ್ತು ನಾನೇ ನಿಂತು ಅವ್ರಿಗೆ ನೇರವಾಗಿ ಹೇಳ್ಬೇಕಿತ್ತು, ನಂದೇ ತಪ್ಪು' ಅಂತ. ನೀವೂ ಅಂಗೇ ಅಂದ್ರಂತಲ್ಲ?"

ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ, ತಲೆ ಎತ್ತಿ ಕಾಯುತ್ತಿದ್ದಳು.

"ಇಲ್ಲ," ಎಂದೆ. "ತಾತ ನನಗೆ ಹೇಳಿದ್ದರು."

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಕೇಳಬೇಕಾದವರಿಗೆ ಆ ಮಾತು ಇನ್ನು ಕೇಳುವುದಿಲ್ಲ.