ಅತ್ತೆಯ ಪಾಲಿಗೆ ಬಂದ ಎಫ್8

ಕಳೆದ ಗುರುವಾರದಿಂದ ನನ್ನ ಲ್ಯಾಪ್‌ಟಾಪಿನ ಎಫ್8 ಕೀ ನಮ್ಮ ಅತ್ತೆಯವರದ್ದು. ಪತ್ರ ಇಲ್ಲ, ರಿಜಿಸ್ಟ್ರೇಷನ್ ಇಲ್ಲ. ಕನ್ನಡಿಗೆ ಅಂಟಿಸಿಟ್ಟಿದ್ದ ಸ್ಟಿಕರ್ ಬೊಟ್ಟೊಂದನ್ನು ತಂದು ಗುರುತಿಗೆ ಅದರ ಮೇಲೆ ಅಂಟಿಸಿಕೊಂಡಿದ್ದಾರೆ, ಅಷ್ಟೇ.

ತಮಿಳುನಾಡಿನ ಪಾಲಕೋಡಿನ ಮನೆಯಲ್ಲಿ ಕೂತು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನಿಮಗೆ ಗೊತ್ತೇ ಇದೆ. (ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ, ಓದಲು ಬರುವುದು ನನಗೊಬ್ಬಳಿಗೇ.) ಇಷ್ಟು ದಿನ ವಾಕ್ಯವಾಕ್ಯಕ್ಕೂ ಮೌಸ್ ಹಿಡಿದು ಒದ್ದಾಡುತ್ತಿದ್ದೆ. ಬುಧವಾರ ಗೆಳತಿಯೊಬ್ಬಳು ಫೋನ್ ಮಾಡಿ, ಸೆಟ್ಟಿಂಗ್ಸಿಗೆ ಹೋದರೆ ಶಾರ್ಟ್‌ಕಟ್‌ಗಳನ್ನು ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು ಎಂದಳು. ಅಯ್ಯೋ, ಇದನ್ನು ಮೂರು ವರ್ಷದ ಹಿಂದೆ ಹೇಳಬಾರದಿತ್ತೇ?

ಎಫ್6 ಒತ್ತಿದರೆ ಇಂಗ್ಲಿಷಿನಲ್ಲಿರುವ ಅಂಕಿಗಳೆಲ್ಲ ತಾವೇ ಕನ್ನಡಕ್ಕೆ ಬಂದು ಕೂರಬೇಕು. ಎಫ್9 ಒತ್ತಿದರೆ ವಾಕ್ಯವನ್ನು ಕಂಪ್ಯೂಟರೇ ಗಟ್ಟಿಯಾಗಿ ಓದಬೇಕು. ಎಫ್8 ಒತ್ತಿದರೆ ವಾಕ್ಯ ಓಕೆ, ಮುಂದಿನದಕ್ಕೆ ಜಿಗಿ! ಹೊಸ ಸೈಕಲ್ ಸಿಕ್ಕ ಹಾಗಾಯಿತು ನನಗೆ.

ಗುರುವಾರ ಬಂದದ್ದು ಇನ್ಸುಲಿನ್ ಹಾಕಿಕೊಳ್ಳುವವರಿಗಾಗಿ ಒಂದು ಕರಪತ್ರ. ಸಂಜೆ ನಾಲ್ಕಕ್ಕೆ ಪ್ರಿಂಟಿಗೆ ಹೋಗಬೇಕು. ನಾನೇ ಹಿಂದೆ ಮಾಡಿದ ಅನುವಾದಗಳಿಂದ ಸಾಫ್ಟ್‌ವೇರ್ ವಾಕ್ಯ ಎತ್ತಿಕೊಡುವುದು, ನಾನು ಎಫ್8 ಕುಟ್ಟುವುದು. ಇಡೀ ದಿನದ ಕೆಲಸ ಹನ್ನೊಂದಕ್ಕೇ ಖತಂ.

ಹೆಮ್ಮೆ ತಡೆಯಲಾಗಲಿಲ್ಲ. ಜಗಲಿಯಲ್ಲಿ ಹುಣಸೆ ಬೀಜ ಬಿಡಿಸುತ್ತಿದ್ದ ಅತ್ತೆಗೂ ಕೇಳಲಿ ಎಂದು ಎಫ್9 ಒತ್ತಿದೆ. ನಾಲ್ಕನೇ ವಾಕ್ಯಕ್ಕೆ ಅತ್ತೆಯ ಕೈ ನಿಂತಿತು.

“ಲೇ, ಊಟ ಆದ್ಮೇಲೆ ಸೂಜಿ ಆಕ್ಕೋ ಅಂತೈತೆ ನಿನ್ ಪೆಟ್ಗೆ. ನಂಗೆ ಡಾಕ್ಟ್ರು ಮುಂಚೆ ಅಂದವ್ರೆ. ಇಷ್ಟು ವರ್ಸ ನಾ ತಪ್ಪಾಗಿ ಆಕ್ಕೊಂಡ್ನಾ?”

ಅತ್ತೆ ಇನ್ಸುಲಿನ್ ಶುರುಮಾಡಿ ಹನ್ನೊಂದು ವರ್ಷ. ತಕ್ಷಣ ಇಂಗ್ಲಿಷ್ ನೋಡಿದೆ. ಊಟಕ್ಕೆ ಮುಂಚೆ ಎಂದೇ ಇದೆ! ಸಾಫ್ಟ್‌ವೇರ್ ಎತ್ತಿಕೊಟ್ಟದ್ದು ಯಾವುದೋ ಹಳೆಯ ಮಾತ್ರೆಯ ಚೀಟಿಯ ‘ಊಟದ ನಂತರ ತೆಗೆದುಕೊಳ್ಳಿ’ ಎಂಬ ವಾಕ್ಯ. ಒಂದೇ ಪದ ವ್ಯತ್ಯಾಸ. ನಾನು ಓದಲಿಲ್ಲ, ಒತ್ತಿದೆ.

ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಇಷ್ಟು ವರ್ಷದ ಅನುಭವ ಇರುವ ಅತ್ತೆಗೇ ತಮ್ಮ ಮೇಲೆ ಅನುಮಾನ ಬಂತಲ್ಲ, ಮೊನ್ನೆ ಮೊನ್ನೆ ಸೂಜಿ ಹಿಡಿದವರು ಅಚ್ಚಾದ ಕಾಗದವನ್ನು ನಂಬದೆ ಇರುತ್ತಾರೆಯೇ?

ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಮೊದಲಿನಿಂದ ಶುರುಮಾಡಿದೆ. ಎಫ್9 ಒತ್ತುವುದು ನಾನು. ಕೇಳಿಸಿಕೊಂಡು, ‘ಪರವಾಯಿಲ್ಲೆ’ ಎಂದು ತಮಿಳಿನಲ್ಲಿ ತೀರ್ಪು ಕೊಟ್ಟು ಬೊಟ್ಟಿನ ಕೀ ಒತ್ತುವುದು ಅವರು. (ಬೊಟ್ಟು ಬಂದದ್ದು ಆಗಲೇ. ಎರಡು ಸಲ ಬೇರೆ ಕೀ ಒತ್ತಿ ವಾಕ್ಯವನ್ನೇ ಅಳಿಸಿದ್ದರು.) ‘ಚುಚ್ಚುವ ಸ್ಥಳವನ್ನು ಆವರ್ತಿಸಿ’ ಎಂಬಲ್ಲಿ ಅವರ ಬೆರಳು ಇಳಿಯಲೇ ಇಲ್ಲ.

“ದಿನಾ ಒಂದೇ ಜಾಗಕ್ಕೆ ಚುಚ್ಬ್ಯಾಡ ಅಂತ ಬರಿ. ಗಂಟು ಕಟ್ತೈತೆ.”

ಬರೆದೆ. ಎಷ್ಟು ಸಲೀಸಾದ ಕನ್ನಡ! ನಾನು ಡಿಕ್ಷನರಿಯಲ್ಲಿ ಹುಡುಕುತ್ತಿದ್ದದ್ದು ಇಷ್ಟು ವರ್ಷ ಜಗಲಿಯಲ್ಲೇ ಕೂತಿತ್ತಲ್ಲ ಎಂದು ಖುಷಿಗೆ ಕುಣಿಯುವಂತಾಯಿತು. ವೇಗಕ್ಕೆಂದು ಮಾಡಿಕೊಂಡ ಶಾರ್ಟ್‌ಕಟ್ಟು ಈಗ ಕೆಲಸವನ್ನು ಎರಡು ಪಟ್ಟು ಉದ್ದ ಮಾಡಿದೆ. ಮಾಡಲಿ ಬಿಡಿ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅತ್ತೆ ಕೊನೆಯ ಎಫ್8 ಒತ್ತಿದರು. ಕಳಿಸುವ ಮುಂಚೆ ಒಂದು ಫಾರಂ ತುಂಬಬೇಕಿತ್ತು. ಪರಿಶೀಲಿಸಿದವರು ಎಂಬಲ್ಲಿ ಅತ್ತೆಯ ಹೆಸರು ಬರೆದೆ. ವಿದ್ಯಾರ್ಹತೆ ಎಂಬಲ್ಲಿ ಹೀಗೆ ಬರೆದೆ: ದಿನಕ್ಕೆ ಎರಡು ಸೂಜಿ, ಹನ್ನೊಂದು ವರ್ಷ.

ಸಾಲದೇ?