ಕೆಂಪಾಗಬೇಕಿದ್ದ ಕಣ್ಣು

ಮೊದಲು ಚುಚ್ಚಿದ್ದು ಜೋಳದ ಹೊಟ್ಟು. ಹೋದ ಸುಗ್ಗಿ, ಎಪ್ಪತ್ತೇಳರದು. ಎರಡು ದಿನ ರಜೆ ಹಾಕಿ ತಂಗಡಗಿಯ ನಮ್ಮ ಕಣದಲ್ಲಿ ರಾಶಿ ತೂರುತ್ತಿದ್ದೆ. ಗಾಳಿ ತಿರುಗಿತು. ಬಲಗಣ್ಣಿಗೆ ಏನೋ ಬಿತ್ತು. ಚಿಗವ್ವ ನನ್ನ ತಲೆ ಹಿಡಿದು, ರೆಪ್ಪೆ ಬಿಡಿಸಿ, ನಾಲಿಗೆಯಿಂದಲೇ ಅದನ್ನು ತೆಗೆದಳು. ನಮ್ಮ ಕಡೆ ಕಣ್ಣಿನ ಕಸಕ್ಕೆ ಅದೇ ವೈದ್ಯ.

ನಾಲ್ಕನೆಯ ದಿನಕ್ಕೆ ಕಣ್ಣು ಕೆಂಡವಾಯಿತು.

ನಾನು ಮುದ್ದೇಬಿಹಾಳದಿಂದ ಸಿಂದಗಿಗೆ ಹೋಗುವ ಬಸ್ಸಿನ ಡ್ರೈವರ್. ಕಣ್ಣುಬೇನೆ ಎಂದು ಡಿಪೋದಲ್ಲಿ ಬಾಯಿ ಬಿಟ್ಟರೆ ಸ್ಟೇರಿಂಗ್‌ನಿಂದ ಇಳಿಸುತ್ತಾರೆ. ಇಳಿದವನು ಮತ್ತೆ ಏರುವುದು ಅವನ ಹಣೆಬರಹ. ಅದಕ್ಕೇ ನಾವು ಡ್ರೈವರುಗಳು ಗುಟ್ಟಾಗಿ ಒಂದು ಬಾಟಲಿ ಇಟ್ಟುಕೊಂಡಿದ್ದೆವು. ಕಣ್ಣಿನ ಕೆಂಪು ತೆಗೆಯುವ ಡ್ರಾಪ್ಸ್. ಯಾರೋ ಎಂದೋ ಸೊಲ್ಲಾಪುರದಿಂದ ತಂದದ್ದು, ಬಸ್ಸಿನಿಂದ ಬಸ್ಸಿಗೆ ಕೈ ಬದಲಾಗುತ್ತಿತ್ತು. ನಾನೂ ಹಾಕಿಕೊಂಡೆ. ಎರಡೇ ದಿನದಲ್ಲಿ ಕಣ್ಣು ಬೆಳ್ಳಗಾಯಿತು, ನೋವೂ ಹೋಯಿತು. ಇನ್ನು ಡಾಕ್ಟರ್ ಯಾಕೆ ಎಂದು ಮೀಸೆ ತಿರುವಿದೆ, ಅದನ್ನೇ ದಿನಾ ಹಾಕಿಕೊಳ್ಳುತ್ತ ಹೋದೆ. ಅಂಥ ಜಾಣ ನಾನು.

ಮರುವಾರ ಬಸವನ ಬಾಗೇವಾಡಿ ದಾಟಿದ ಮೇಲೆ ಎದುರಿಗೆ ಒಂದು ಎತ್ತಿನ ಗಾಡಿ ಮಸುಕು ಮಸುಕಾಗಿ ಕಂಡಿತು. ಬಸ್ಸು ನಿಲ್ಲಿಸಿ ಎಡಗಣ್ಣು ಮುಚ್ಚಿದೆ.

ಬಲಗಣ್ಣಿಗೆ ಗಾಡಿಯೇ ಇರಲಿಲ್ಲ.

ಬಿಜಾಪುರದ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರ್ ಕರಿಗುಡ್ಡೆಯ ಮೇಲಿನ ಹುಣ್ಣನ್ನು ಕೆರೆದು ಗಾಜಿಗೆ ಹಚ್ಚಿದರು. ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಒಳ್ಳೆಯ ಕಣ್ಣಿನಿಂದ ನೋಡಿದೆ. ನೂಲಿನ ಎಳೆಗಳು.

"ಬೂಷ್ಟು," ಅಂದರು. "ಫಂಗಸ್. ಹೊಟ್ಟಿನ ಕೂಡ ಒಳಗ ಹೊಕ್ಕೈತಿ. ನೀವು ಹಾಕ್ಕೊಂಡಿದ್ದು ಸ್ಟಿರಾಯ್ಡ್. ಜೋಳದಾಗ ಹಕ್ಕಿ ಬಿದ್ರ ಅಟ್ಟದ ಮ್ಯಾಲಿನಾವ ಏನ ಮಾಡ್ತಾನ್ರಿ?"

"ಕೂಗ್ತಾನ್ರಿ. ಬಾಜೂ ಹೊಲದಾವ್ರು ಕವಣಿ ತಗೊಂಡು ಓಡಿ ಬರ್ತಾರ್ರಿ."

"ಮೈಯಾಗೂ ಹಂಗ ಐತಿ. ಬೂಷ್ಟು ಕಂಡ ಕೂಡ್ಲೇ ರಕ್ತದ ಬಿಳಿ ಕಣ ಒಂಥರಾ ಪ್ರೋಟೀನ್ ಬಿಡ್ತಾವು. ಅದ ಅವುಗಳ ಕೂಗು. ಅದನ್ನ ಕೇಳಿ ಉಳಿದ ಕಣ ಬಂದು ಮುತ್ತತಾವು. ಅವು ಬಂದಲ್ಲಿ ಕಣ್ಣು ಕೆಂಪಾಗ್ತೈತಿ. ಅದರ ಪೂರಾ ಗುಟ್ಟು ಇನ್ನೂ ನಮಗೂ ತಿಳಿದಿಲ್ಲ. ನಿಮ್ಮ ಡ್ರಾಪ್ಸ್ ಕೂಗಾವನ ಬಾಯಿಗೆ ಅರಿವಿ ತುರುಕಿತು. ಹಕ್ಕಿಗೆ ಹಬ್ಬ ಆತು."

ನನ್ನ ಹೆಂಡತಿ ಗಂಗವ್ವ ಕೇಳಿದಳು. "ಕಣ್ಣು ಉಳಿತೈತೇನ್ರಿ?"

"ಹೇಳಾಕ ಬರೂದಿಲ್ಲವ್ವಾ. ಆ ಡ್ರಾಪ್ಸ್ ಬಿಡಿಸ್ತೇನಿ, ಬೂಷ್ಟಿಗೆ ಬ್ಯಾರೆ ಔಷಧ ಹಾಕ್ತೇನಿ. ಆದ್ರ ಇವರ ಮೈ ಕೂಗದಿದ್ರ ನನ್ನೊಬ್ಬನ ಕವಣಿ ಸಾಲೂದಿಲ್ಲ. ಕಣ್ಣು ಕೆಂಪಾದ್ರ ಅಂಜಬ್ಯಾಡ್ರಿ."

ಹಳದಿ ಡ್ರಾಪ್ಸ್, ಬೆಳಕು ತಾಗದಂತೆ ಕರಿ ಕಾಗದ ಸುತ್ತಿದ ಬಾಟಲಿ. ಗಂಟೆಗೊಮ್ಮೆ ಹಾಕಬೇಕು, ಅದಕ್ಕೆ ನನ್ನನ್ನು ವಾರ್ಡಿನಲ್ಲೇ ಇಟ್ಟುಕೊಂಡರು. ಗಂಗವ್ವ ಅದನ್ನು ಐಸ್ ತುಂಬಿದ ಥರ್ಮಾಸಿನಲ್ಲಿಟ್ಟು ಕೂಸಿನಂತೆ ಕಾದಳು. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಬಸ್ಸು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ, ಬೇಕೆಂದೂ ಅನಿಸಿಲ್ಲ. ಇಷ್ಟು ವರ್ಷ ಕಣ್ಣಿನ ಕೆಂಪನ್ನು ಮುಚ್ಚಿಟ್ಟವನು ಈಗ ದಿನಾ ಬೆಳಿಗ್ಗೆ ಎದ್ದು ಅದನ್ನೇ ಕೇಳುತ್ತಿದ್ದೆ.

"ಕೆಂಪಾತೇನ?"

"ಇಲ್ರಿ."

ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ.

ಐದನೆಯ ಬೆಳಿಗ್ಗೆ ನೋವಿಗೇ ಎಚ್ಚರವಾಯಿತು. ಕಣ್ಣೊಳಗೆ ಸೂಜಿ ಆಡಿಸಿದಂತೆ. ಗಂಗವ್ವ ಬಗ್ಗಿ ನೋಡಿದಳು.

"ಬಂತ್ರಿ. ಬ್ಯಾಡಗಿ ಮೆಣಸಿನಕಾಯಿ ಆಗೇತಿ."

ಹೇಳುತ್ತಲೇ ಅತ್ತಳು, ನಕ್ಕಳು, ವಾರ್ಡಿನವರಿಗೆಲ್ಲ ಸಕ್ಕರೆ ಹಂಚಿದಳು. ಗಂಡನ ಕಣ್ಣು ಕೆಂಪಾಯಿತೆಂದು ಸಕ್ಕರೆ ಹಂಚಿದವಳು ಆ ಆಸ್ಪತ್ರೆಯಲ್ಲಿ ಇವಳೊಬ್ಬಳೇ ಇರಬೇಕು. ಪಕ್ಕದ ಮಂಚದ ಅಜ್ಜಿ ಸಕ್ಕರೆ ಬಾಯಿಗೆ ಹಾಕಿಕೊಂಡು, "ಇಕೀಗೆ ಏನರ ಆಗೇತೇನ?" ಎಂದು ನನ್ನನ್ನೇ ಕೇಳಿದಳು. ಡಾಕ್ಟರ್ ಬಂದು ಟಾರ್ಚ್ ಬಿಟ್ಟು ನೋಡಿದರು. "ಕೂಗಾಕತ್ತಾವು," ಅಂದರು. ಅಂದಿನಿಂದ ಹುಣ್ಣು ದಿನಕ್ಕಿಷ್ಟು ಹಿಂದೆ ಸರಿಯಿತು.

ಎರಡು ತಿಂಗಳ ಮೇಲೆ ಡಿಪೋ ಸಾಹೇಬರ ಮೇಜಿನ ಮೇಲೆ ನಮ್ಮ ಗುಟ್ಟಿನ ಬಾಟಲಿ ಇಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಉಳಿದ ಡ್ರೈವರುಗಳು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಂದು ಆ ಕಣ್ಣಿನ ಡಾಕ್ಟರ್ ಯಾವ ದಿನ ಕೂರುತ್ತಾರೆಂದು ಕೇಳಿದರು.

ಸಾಹೇಬರು ನನ್ನನ್ನು ಫಿಟ್‌ನೆಸ್ ಪರೀಕ್ಷೆಗೆ ಕಳಿಸಿದರು. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಓದಬೇಕು. ಒಂದೊಂದೇ ಸಾಲು ಇಳಿದೆ. ಕಟ್ಟಕಡೆಯದರಲ್ಲಿ ತಡವರಿಸಿದೆ.

"ಅದನ್ನ ಬಿಡ್ರಿ," ಅಂದರು ಪರೀಕ್ಷೆಯ ಡಾಕ್ಟರ್, ಸಹಿ ಹಾಕುತ್ತ. "ಅದು ನನಗೂ ಕಾಣೂದಿಲ್ಲ."

ಗುಡ್ಡೆಯ ಅಂಚಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಕಲೆ ಉಳಿದಿದೆ. ಬಿಸಿಲಿಗೆ ಈಗಲೂ ನೀರು ಬರುತ್ತದೆ. ಮುಂದೆ ಹೇಗೋ ಗೊತ್ತಿಲ್ಲ. ಆದರೆ ಮೊನ್ನೆ ಸೋಮವಾರ ನನ್ನ ಸೀಟಿನಲ್ಲಿ ಕೂತು ಬಸ್ಸು ಹೊರಡಿಸಿದೆ. ರಸ್ತೆ ಖಾಲಿ ಇತ್ತು, ಎದುರಿಗೆ ಒಂದು ನಾಯಿಯೂ ಇರಲಿಲ್ಲ. ಇಲ್ಲ ಎಂಬುದನ್ನು ಎರಡೂ ಕಣ್ಣಿನಿಂದ ನೋಡಿ, ಸಂತೋಷ ತಡೆಯಲಾರದೆ, ಸುಮ್ಮಸುಮ್ಮನೆ ಹಾರ್ನ್ ಹೊಡೆದೆ.